ಚೀಟಿಯಕ್ಕನ ಮುಗಿಯದ ಒಂದು ಪದ

ಬೆಳಗಿನ ಐದೂವರೆ. ಹಳೆಯ ಕಟ್ಟಡದ ನೆಲಮಾಳಿಗೆಯ ಬಾಗಿಲಿಗೆ ಎರಡು ಬೀಗ. ಎರಡನ್ನೂ ತೆಗೆದು ಒಳಗೆ ಬಂದ ಹೆಂಗಸು ದೀಪ ಹಾಕಿ, ಮರದ ಖಾನೆಗಳ ಸಾಲಿನಲ್ಲಿ ಅಂದಿನ ಕೆಲಸದ ಖಾನೆಯನ್ನು, ಈಗ ಏಳನೆಯದನ್ನು, ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇದು ಇಪ್ಪತ್ತಾರು ವರ್ಷಗಳ ಅಭ್ಯಾಸ. ಅದರ ಹಿಂದೆಯೇ ಇನ್ನೊಂದು ಕೆಲಸವಿದೆ. ಅದು ಈಚೆಗೆ ಶುರುವಾದದ್ದು. ಕ್ಯಾಲೆಂಡರಿನ ಮುಂದೆ ನಿಂತು ಇಂದಿನ ವಾರ, ತಾರೀಖು, ಈ ವಾರ ಇದುವರೆಗೆ ಬರೆದ ಚೀಟಿಗಳು ಎಷ್ಟು ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು. "ಹನ್ನೊಂದು," ಎನ್ನುತ್ತಾರೆ. ಖಾನೆ ಎಳೆದು ಎಣಿಸುತ್ತಾರೆ. ಹನ್ನೊಂದೇ ಇವೆ. ಆಮೇಲಷ್ಟೇ ಕುರ್ಚಿ ಎಳೆದು ಕೂರುತ್ತಾರೆ.

ಇದು ಇಂಗ್ಲಿಷ್–ಕನ್ನಡ ನಿಘಂಟು ತಯಾರಾಗುತ್ತಿರುವ ಕಚೇರಿ. ಮೇಲಿನ ಅಂತಸ್ತಿನಲ್ಲಿ ಪಂಡಿತರು ಕೂರುತ್ತಾರೆ. ಕೆಳಗೆ, ಸೂರಿನ ಹತ್ತಿರ ಒಂದು ಗೇಣಿನಷ್ಟೇ ಕಿಟಕಿ ಇರುವ ಈ ಕೋಣೆಯಲ್ಲಿ, ರಬ್ಬರ್ ಬ್ಯಾಂಡು ಹಾಕಿದ ಚೀಟಿಗಳ ಕಟ್ಟುಗಳ ನಡುವೆ ಇವರೊಬ್ಬರೇ. ಕಿಟಕಿಯಲ್ಲಿ ಬೀದಿಯವರ ಮುಖ ಕಾಣುವುದಿಲ್ಲ, ಪಾದ ಮಾತ್ರ. ಚಪ್ಪಲಿಯ ನಡಿಗೆಯಿಂದಲೇ ಬಂದವರಾರೆಂದು ಹೇಳಬಲ್ಲರು. ಎಲ್ಲರೂ ಇವರನ್ನು ಕರೆಯುವುದು ಚೀಟಿಯಕ್ಕ ಎಂದೇ. ಕಸ ಗುಡಿಸಲು ಸೇರಿದವರು. ಚೆಲ್ಲಾಪಿಲ್ಲಿಯಾದ ಚೀಟಿಗಳನ್ನು ಒಂದು ದಿನ ಯಾರೂ ಹೇಳದೆಯೇ ಅಕಾರಾದಿಯಾಗಿ ಜೋಡಿಸಿಟ್ಟರು. ಹತ್ತನೆಯ ತರಗತಿಯವರೆಗೆ ಓದಿದ್ದು ಆಗ ಬೆಳಕಿಗೆ ಬಂತು. ಪೊರಕೆ ಕೈಬಿಟ್ಟು ಲೇಖನಿ ಕೈಗೆ ಬಂತು.

ಈಗ ಅವರ ಕೈಯಲ್ಲಿರುವುದು ಒಂದೇ ಒಂದು ಪದ, ರನ್. ಮೂರಕ್ಷರದ ಇಂಗ್ಲಿಷ್ ಪದ. ಮಗ್ಗಿ ಕಲಿಯುವ ಮಕ್ಕಳಿಗೂ ಗೊತ್ತು, ಓಡು ಎಂದರ್ಥ. ಆದರೆ ಏಳನೆಯ ಖಾನೆಯಲ್ಲಿ ಅದೊಂದಕ್ಕೇ ನಾನೂರ ಎಪ್ಪತ್ತೆರಡು ಚೀಟಿಗಳಾಗಿವೆ. ಇನ್ನೂ ನೂರ ನಲವತ್ತು ಬಾಕಿ.

"ಅವರಿಗೆ ಒಂದೇ ಮಾತು ಸಾಕು, ಎಲ್ಲದಕ್ಕೂ ಅದನ್ನೇ ದುಡಿಸ್ತಾರೆ," ಎಂದು ಚೀಟಿಯಕ್ಕ ನಗುತ್ತಾರೆ. "ಮನುಷ್ಯ ಓಡ್ತಾನೆ, ಅದೂ ರನ್ನೇ. ಮೂಗು ಸೋರುತ್ತೆ, ನದಿ ಹರಿಯುತ್ತೆ, ಗಡಿಯಾರ ನಡೆಯುತ್ತೆ. ಅಂಗಡಿ ನಡೆಸೋದು, ಚುನಾವಣೆಗೆ ನಿಲ್ಲೋದು. ನಿಲ್ಲೋದಕ್ಕೂ ಓಡೋದೇ ಅಂತೆ ನೋಡಿ. ನಮ್ಮಲ್ಲಿ ಹಾಗಾಗಲ್ಲ. ಒಂದೊಂದಕ್ಕೂ ಅದರದೇ ಮಾತು ಹುಡುಕಿಕೊಡಬೇಕು."

ಹುಡುಕುವ ಬಗೆಯೂ ಅವರದೇ. ಪುಸ್ತಕದಲ್ಲಿದೆ ಎಂಬ ಕಾರಣಕ್ಕೆ ಯಾವ ಮಾತನ್ನೂ ಅವರು ಚೀಟಿಗೆ ಇಳಿಸುವುದಿಲ್ಲ. ಬದುಕಿರುವ ಒಬ್ಬರ ಬಾಯಿಂದ ಕಿವಿಯಾರೆ ಕೇಳಬೇಕು. ಕೇಳಿದ ಮೇಲೆ ಚೀಟಿಯ ಅಡಿಯಲ್ಲಿ ಯಾರಿಂದ ಎಂದು ಬರೆಯಬೇಕು, ಬಸ್ ಕಂಡಕ್ಟರ್, ನಲ್ಲಿ ರಿಪೇರಿಯವನು, ಬಾಣಂತಿ ಎಂದು. ಪಂಡಿತರು ಮೊದಮೊದಲು ಮೂಗು ಮುರಿದರು. ಆಮೇಲೆ ತಾವೇ ಮೆಟ್ಟಿಲಿಳಿದು ಬಂದು, "ಇದಕ್ಕೆ ಜನ ಏನಂತಾರಮ್ಮ?" ಎಂದು ಕೇಳತೊಡಗಿದರು. ದಿನಕ್ಕೆ ಎರಡೋ ಮೂರೋ ಚೀಟಿ. ಹೆಚ್ಚು ಬರೆದರೆ ತಪ್ಪಾಗುತ್ತದೆ, ಕಡಿಮೆ ಬರೆದರೆ ಮುಗಿಯುವುದಿಲ್ಲ.

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ಖಾನೆ ಒಪ್ಪ ಮಾಡುತ್ತಿದ್ದಾಗ ಒಂದೇ ಥರದ ಎರಡು ಚೀಟಿಗಳು ಕೈಗೆ ಸಿಕ್ಕವು. ಬಟ್ಟೆ ಒಗೆದಾಗ 'ಬಣ್ಣ ಬಿಡು' ಎಂಬ ಅರ್ಥ. ಎರಡರಲ್ಲೂ ಅದೇ ಉದಾಹರಣೆ, ಎರಡರ ಅಡಿಯಲ್ಲೂ 'ಲಾಂಡ್ರಿಯವಳು' ಎಂಬ ಬರಹ. ಎರಡೂ ಅವರದೇ ಅಕ್ಷರ. ಒಂದು ಎಂಟು ತಿಂಗಳ ಹಿಂದಿನದು. ಇನ್ನೊಂದಕ್ಕೆ ಹನ್ನೆರಡೇ ದಿನ. ಹಳೆಯದನ್ನು ಬರೆದದ್ದು ನೆನಪಿದೆ. ಹೊಸದರ ನೆನಪು ಎಳ್ಳಷ್ಟೂ ಇಲ್ಲ.

ಮಧ್ಯಾಹ್ನ ಲಾಂಡ್ರಿಗೆ ಹೋದರು. ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಆ ಹೆಂಗಸು ಹೇಳಿದಳು: "ಎರಡು ಸಲ ಬಂದಿದ್ರಿ ಅಕ್ಕಾ. ಎರಡನೇ ಸಲವೂ ಅದೇ ಪ್ರಶ್ನೆ, ಅದೇ ಮಾತಲ್ಲಿ. ತಮಾಷೆ ಮಾಡ್ತಿದ್ದೀರೇನೋ ಅಂತ ನಾನೂ ನಗ್ತಾ ಅದನ್ನೇ ಹೇಳ್ದೆ. ಯಾಕೆ, ತಪ್ಪಾಯ್ತಾ?"

"ಇಲ್ಲಮ್ಮ, ನಿಂದೇನೂ ತಪ್ಪಿಲ್ಲ," ಎಂದು ಚೀಟಿಯಕ್ಕ ಹಿಂದಿರುಗಿದರು. ಹಿಂದಿರುಗುವಾಗ ಪರಿಚಿತ ಬೀದಿಯ ಒಂದೊಂದು ತಿರುವನ್ನೂ ಮನಸ್ಸಿನಲ್ಲಿ ಹೆಸರಿಟ್ಟು ಕರೆದುಕೊಂಡು ನಡೆದರಂತೆ, ಎಲ್ಲಿ ಅದೂ ಜಾರಿಹೋದೀತೋ ಎಂದು.

ಆ ಭಯಕ್ಕೆ ಕಾರಣವಿದೆ. ಅವರ ತಾಯಿಗೂ ಹೀಗೆಯೇ ಆಗಿತ್ತು. ಮೊದಲು ಚಮಚ ಎಂಬ ಮಾತು ಹೋಯಿತು. ಆಮೇಲೆ ಬಾಗಿಲು, ದಿಂಬು. ಕಡೆಗೆ ಮಗಳ ಹೆಸರು. "ಅಮ್ಮನಿಗೆ ಗೊತ್ತಾಗ್ತಿತ್ತು, ಆದ್ರೆ ಬಚ್ಚಿಡ್ತಿದ್ಲು. ಮಾತು ಸಿಗದೇ ಇದ್ರೆ ಕೆಮ್ಮಿಬಿಡೋಳು. ನಾವು ಕೆಮ್ಮಿಗೆ ಔಷಧಿ ತಂದು ಕೊಡ್ತಿದ್ವಿ." ಇದನ್ನು ಹೇಳುವಾಗ ಚೀಟಿಯಕ್ಕನ ಬೆರಳುಗಳು ಮೇಜಿನ ಮೇಲಿನ ಚೀಟಿಯ ಅಂಚನ್ನು ಸವರುತ್ತಲೇ ಇರುತ್ತವೆ. ಆಗ ತಾಯಿಗೆ ಅರವತ್ತಮೂರು. ಈಗ ಮಗಳಿಗೆ ಅರವತ್ತೊಂದು.

ಅವರೂ ಬಚ್ಚಿಟ್ಟರು. ಎರಡನೆಯ ಚೀಟಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದು ಸೀರೆಗಳ ಅಡಿಯಲ್ಲಿಟ್ಟರು. ಇಪ್ಪತ್ತಾರು ವರ್ಷಗಳಲ್ಲಿ ಆ ಕೋಣೆಯಿಂದ ಒಂದು ತುಂಡು ಕಾಗದ ಆಚೆ ಒಯ್ದದ್ದು ಅದೇ ಮೊದಲು. ಮನೆಯಲ್ಲಿ ದರ್ಜಿ ಕೆಲಸದಿಂದ ನಿವೃತ್ತರಾದ ಪತಿ ಇದ್ದಾರೆ. ಹೆಂಡತಿ ಊಟದ ನಡುವೆ ತಾರೀಖು ಒಪ್ಪಿಸುವುದನ್ನು ಕಂಡು ಅವರು, "ಏನೇ, ಪರೀಕ್ಷೆಗೆ ಕಟ್ಟಿದ್ದೀಯಾ?" ಎಂದು ಕೇಳಿದ್ದರು.

"ಹೌದೂ, ಫೇಲಾದ್ರೆ ನೀವೇ ಪಾಠ ಹೇಳಿಕೊಡಬೇಕು."

"ನನಗೆ ಬರೋದು ಕಾಜ ಹೊಲಿಯೋದು. ಅದು ಬೇಕಾದ್ರೆ ಹೇಳಿಕೊಡ್ತೀನಿ."

ಇಬ್ಬರೂ ನಕ್ಕರು. ನಗುತ್ತಲೇ ಚೀಟಿಯಕ್ಕ ಒಲೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರನೆಯ ಸಲ ನೋಡಿಬಂದರು.

ಹದಿನೆಂಟು ದಿನ ಹೀಗೆ ಕಳೆದವು. ಹತ್ತೊಂಬತ್ತನೆಯ ದಿನ ಇನ್ನೊಂದು ಸಂಗತಿ ಕಂಡಿತು. 'ಜ್ವರ ಬರು' ಎಂಬ ಅರ್ಥಕ್ಕೆ ಚೀಟಿ ಬರೆದದ್ದು ಅವರಿಗೆ ಚೆನ್ನಾಗಿ ನೆನಪಿದೆ. ಅದನ್ನು ಹೇಳಿದ ನರ್ಸಿನ ದನಿಯೂ ನೆನಪಿದೆ. ಖಾನೆಯಲ್ಲಿ ಆ ಚೀಟಿಯೇ ಇಲ್ಲ. ಮಾಡಿದ್ದು ನೆನಪಿಲ್ಲ, ನೆನಪಿರುವುದು ಮಾಡಿಲ್ಲ. ತನ್ನ ಮರೆವು ತನ್ನೊಳಗೇ ನಿಲ್ಲದೆ ಅಚ್ಚಾಗಿ ಸಾವಿರಾರು ಜನರ ಕೈಗೆ ಹೋಗುತ್ತದಲ್ಲ ಎಂಬ ಯೋಚನೆ ಬಂದದ್ದೇ ತಡ, ಕುರ್ಚಿಯಿಂದೆದ್ದರು. ಹೇಳಿದರೆ ಮನೆಗೆ ಕಳಿಸುತ್ತಾರೆ. ಪದ ಅರ್ಧಕ್ಕೆ ನಿಲ್ಲುತ್ತದೆ. ಹೇಳದಿದ್ದರೆ ಪದವೇ ಕೆಡುತ್ತದೆ. ಇಪ್ಪತ್ತೆರಡು ಮೆಟ್ಟಿಲು ಹತ್ತುವುದರಲ್ಲಿ ಎರಡು ಸಲ ಕೂತರು.

ಸಂಪಾದಕರು ವಯಸ್ಸಿನಲ್ಲಿ ಕಿರಿಯರು, ಮಾತು ಕಡಿಮೆ. ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. "ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ ಸರ್. ಭಯ."

"ಉಳಿದದ್ದನ್ನ ಬೇರೆಯವರಿಗೆ ಕೊಡೋಣ ಅಂದ್ರೆ..."

"ಕೊಡಿ ಸರ್. ಆದ್ರೆ ಯಾರಿಂದ ಕೇಳಿದ್ದು ಅಂತ ಬರೆಯೋದನ್ನ ಬಿಡಬೇಡಿ ಅಂತ ಅವರಿಗೆ ಹೇಳಿ."

ಸಂಪಾದಕರು ಕನ್ನಡಕ ಮತ್ತೆ ಹಾಕಿಕೊಂಡು, "ನಿಮ್ಮ ಹಾಗೆ ಬೀದಿಬೀದಿ ಅಲೆಯೋರು ನಮಗೆ ಎಲ್ಲಿ ಸಿಕ್ತಾರಮ್ಮ," ಎಂದರು. ಅಂದಿನಿಂದ ಮೇಲಿನ ಅಂತಸ್ತಿನ ಟೈಪಿಸ್ಟ್ ಹೆಂಗಸು ದಿನಾ ಎರಡು ಗಂಟೆ ಕೆಳಗೆ ಬಂದು ಕೂರುತ್ತಾರೆ. ಹಳೆಯ ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಹೊಸ ಚೀಟಿಗೆ ಇಬ್ಬರ ಸಹಿ. ಈವರೆಗೆ ಇನ್ನೂ ಮೂರು ಜೋಡಿಗಳು ಸಿಕ್ಕಿವೆ. ಜ್ವರದ ಚೀಟಿ ಸಿಗಲಿಲ್ಲ. ಆಸ್ಪತ್ರೆಗೆ ಹೋಗಿ ನರ್ಸನ್ನು ಮತ್ತೆ ಕೇಳಿ, ಅದನ್ನು ಹೊಸದಾಗಿ ಬರೆದರು.

"ಮೂರೇ ಅಂತ ನಾನು, ಮೂರಾ ಅಂತ ಇವರು," ಎಂದು ಟೈಪಿಸ್ಟ್ ಛೇಡಿಸುತ್ತಾರೆ. "ನಾನು ನನ್ನ ಗಂಡನ ಹುಟ್ಟಿದ ದಿನವನ್ನೇ ಮರೀತೀನಿ ಅಕ್ಕಾ."

"ಅದು ಮರೆವಲ್ಲ ಕಣೇ, ಜಾಣತನ."

ಬರುವ ಗುರುವಾರ ಡಾಕ್ಟರರ ಪರೀಕ್ಷೆಯ ಫಲಿತಾಂಶ. ಈಗ ಪತಿಗೂ ವಿಷಯ ಗೊತ್ತು. ಅವರೂ ಜೊತೆಗೆ ಹೋಗುತ್ತಾರೆ. ಊಟದ ನಡುವೆ ಹೆಂಡತಿ ತಾರೀಖು ಒಪ್ಪಿಸುವಾಗ ಅವರು ಹಾಸ್ಯ ಮಾಡುವುದನ್ನು ನಿಲ್ಲಿಸಿದ್ದಾರೆ. ಅದು ಚೀಟಿಯಕ್ಕನಿಗೆ ಇನ್ನಷ್ಟು ಹೆದರಿಕೆ ತಂದಿದೆ. ಇದನ್ನೆಲ್ಲ ಪತ್ರಿಕೆಯಲ್ಲಿ ಹಾಕಬಹುದೇ ಎಂದರೆ ಅವರದು ನೇರ ಉತ್ತರ: "ಹಾಕಿ. ಅಮ್ಮ ಕೆಮ್ಮಿದ್ದು ಸಾಕು."

ನಿಘಂಟಿನ ಮುನ್ನುಡಿಯಲ್ಲಿ ಹೆಸರು ಬರಬೇಕೆಂಬ ಆಸೆ ಅವರಿಗಿಲ್ಲ. ದೇವರಲ್ಲಿ ಏನು ಕೇಳಿಕೊಳ್ಳುತ್ತೀರಿ ಎಂದರೆ, ಬರೆಯುತ್ತಿದ್ದ ಚೀಟಿಯನ್ನು ಪೂರ್ತಿ ಮಾಡಿ, ಸಹಿ ಹಾಕಿ, ಟೈಪಿಸ್ಟರತ್ತ ಸರಿಸುತ್ತಾರೆ. ಆಮೇಲೆ ಹೇಳುತ್ತಾರೆ:

"ಕೊನೇ ಚೀಟಿ ಬರೆದ ದಿನ, ಅದು ಕೊನೇದು ಅಂತ ನನಗೆ ಗೊತ್ತಿರಬೇಕು. ಅಷ್ಟಾದ್ರೆ ಸಾಕು."