ಮೂರನೇ ಕಂಬ ಏಳದ ಹಡಗು

ದೇವರ ಮನೆಯ ಬಾಗಿಲಿನ ಕೆಳಪಟ್ಟಿ ಸಡಿಲವಾಗಿ ಬಹಳ ದಿನವಾಗಿತ್ತು. ಮೊನ್ನೆ ಆಚಾರಿಯನ್ನು ಕರೆಸಿದೆವು. ಆತ ಪಟ್ಟಿ ಬಿಚ್ಚಿ, ಡಬ್ಬಿಯಿಂದ ಬಿಳಿ ಅಂಟು ತೆಗೆದು ಹಚ್ಚಿ, ಎರಡು ಮರವನ್ನೂ ಒತ್ತಿ ಹಿಡಿದು ಕೂತ. "ಒಣಗೋಗಂಟ ಬಾಗ್ಲು ಅಲ್ಲಾಡಿಸ್ಬ್ಯಾಡಿ ಕಣ್ರವ್ವ" ಎಂದ. ನಾನು ಪಕ್ಕದಲ್ಲೇ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ಬೆರಳು ನಿಂತುಬಿಟ್ಟಿತು. ಅಂಟಿನ ವಾಸನೆ ಬೇರೆಯವರಿಗೆ ಹೊಸ ಮನೆಯನ್ನೋ ಹೊಸ ಮಂಚವನ್ನೋ ನೆನಪಿಗೆ ತರಬಹುದು. ನನಗೆ ತರುವುದು ಕಡಲುಗಳ್ಳರ ಹಡಗನ್ನು.

ನಗಬೇಡಿ. ಕಡಲನ್ನು ನಾನು ಇವತ್ತಿಗೂ ನೋಡಿದವಳಲ್ಲ. ಕಣ್ವದ ಡ್ಯಾಮಿನಲ್ಲಿ ಮೀನು ಹಿಡಿಯುವವರ ತೆಪ್ಪ ನೋಡಿದ್ದೇನೆ, ಅಷ್ಟೇ. ಆದರೂ ಒಂದು ಹಡಗು ಕಟ್ಟಿದ್ದೇನೆ. ಪೂರ್ತಿ ಕಟ್ಟಲಿಲ್ಲ, ಅದೇ ಮಾತು.

ನಾನು ಕೂಟಗಲ್ ಕಡೆಯಿಂದ ವಿರೂಪಾಕ್ಷಿಪುರದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ಸೀಮೆಗೆಲ್ಲ ರೇಷ್ಮೆಯ ಹುಚ್ಚು ಹಿಡಿದಿತ್ತು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾದವು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿಕೊಂಡು ಹೋದ ಗಂಡಸರು ಬರುವಾಗ ಬರಿಗೈಲಿ ಬರುತ್ತಿರಲಿಲ್ಲ. ಒಬ್ಬರು ಗೋಡೆ ಗಡಿಯಾರ ತಂದರೆ ಇನ್ನೊಬ್ಬರು ಮಿಕ್ಸಿ ತರುತ್ತಿದ್ದರು, ಅದೂ ಕರೆಂಟು ಸರಿಯಾಗಿ ಇಲ್ಲದ ಊರಿಗೆ. ನಡುಮನೆಯಲ್ಲಿ ಗಾಜಿನ ಷೋಕೇಸು ಇಲ್ಲದ ಮನೆಯನ್ನು ಯಾರೂ ಮನೆ ಎನ್ನುತ್ತಿರಲಿಲ್ಲ. ನಮ್ಮನೆಯವರೂ ಒಂದು ಕಟ್ಟಿಸಿದರು. ಕಟ್ಟಿಸಿದ ಮೇಲೆ ತುಂಬಬೇಕಲ್ಲ. ಪ್ಲಾಸ್ಟಿಕ್ ಹೂವು ಬಂತು, ಚನ್ನಪಟ್ಟಣದ ಬೊಂಬೆ ಬಂದವು. ನಡುವಿನ ದೊಡ್ಡ ಖಾನೆ ಮಾತ್ರ ಖಾಲಿ ಉಳಿಯಿತು.

ಅದಕ್ಕೆಂದೇ ಅವರು ಒಂದು ಸಲ ಬೆಂಗಳೂರಿಗೆ ಹೋಗಿ ದೊಡ್ಡ ಅಂಗಡಿಯಿಂದ ಒಂದು ಪೆಟ್ಟಿಗೆ ತಂದರು. ಪೆಟ್ಟಿಗೆಯ ಮೇಲೆ ಹಡಗಿನ ಚಿತ್ರ. ಮೂರು ಕಂಬ, ಗಾಳಿ ತುಂಬಿದ ಹಾಯಿಗಳು, ಪಕ್ಕದಲ್ಲಿ ಸಾಲಾಗಿ ಪುಟ್ಟ ಪುಟ್ಟ ತೋಪು, ತುದಿಯಲ್ಲಿ ಬುರುಡೆ ಬರೆದ ಕಪ್ಪು ಬಾವುಟ. ಊರಿನ ಅರ್ಧ ಜನ ನಡುಮನೆಯಲ್ಲಿ ಸೇರಿದ್ದರು. ಅವರು ಗತ್ತಿನಿಂದ ಮುಚ್ಚಳ ತೆಗೆದರು. ಒಳಗೆ ಇದ್ದದ್ದು ಕಡ್ಡಿಗಳು. ಕಟ್ಟು ಕಟ್ಟು ಕಡ್ಡಿ, ತೆಳು ಹಲಗೆ, ದಾರದ ಉಂಡೆ, ಒಂದು ತುಂಡು ಬಟ್ಟೆ, ಬುರುಡೆಯ ಬಾವುಟ, ಅಂಟಿನ ಡಬ್ಬಿ, ಇಂಗ್ಲಿಷಿನ ಕಾಗದ.

ನನ್ನ ಮೈದುನ ಒಂದು ಕಡ್ಡಿ ಎತ್ತಿ ನೋಡಿ ಮೆಲ್ಲಗೆ ಕೇಳಿದ. "ಏನಣ್ಣೋ, ಸೌದೆ ತರಕ್ಕೆ ಬೆಂಗ್ಳೂರ್ಗಂಟ ಹೋಗಿದ್ದಾ?"

"ಜೋಡಿಸ್ಕೋಬೇಕಂತೆ ಕಣ್ಲಾ" ಎಂದರು ಇವರು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಾ.

"ನಮ್ಮತ್ರ ಹುಳಕ್ಕೆ ಸೊಪ್ಪಾಕಕ್ಕೆ ಜನ ಇಲ್ಲ, ಹಡಗು ಜೋಡಿಸ್ತಾನಂತೆ" ಎಂದರು ಅತ್ತೆ. ಜನ ನಕ್ಕು ನಕ್ಕು ಎದ್ದುಹೋದರು. ಎಷ್ಟೋ ತಿಂಗಳು ನಮ್ಮನೆಯವರು ಟೀ ಅಂಗಡಿಗೆ ಹೋದರೆ "ಹಡಗು ಬಂತು, ಜಾಗ ಬುಡ್ರಲಾ" ಎನ್ನುತ್ತಿದ್ದರಂತೆ. ಅವರು ಪೆಟ್ಟಿಗೆಯನ್ನು ಹಿತ್ತಿಲ ಜಗುಲಿಯ ಮೂಲೆಗೆ ಎಸೆದು ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಹಿತ್ತಿಲ ಜಗುಲಿ ಎಂದೆನಲ್ಲ, ಅದು ತಿಂಗಳಿಗೆ ಮೂರು ದಿನ ನನ್ನ ಮನೆ. ಹೊರಗಾದವಳು ಅಡುಗೆ ಮನೆಗೆ, ದೇವರ ಮನೆಗೆ ಹೋಗುವ ಹಾಗಿಲ್ಲ ಎಂಬುದು ಎಲ್ಲ ಕಡೆಯೂ ಇದ್ದದ್ದೇ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಟ್ಟು ಹುಳು ಮನೆಯದು. ಹುಳು ಬಲು ಮಡಿ ಎನ್ನುತ್ತಿದ್ದರು. ಒಗ್ಗರಣೆಯ ಹೊಗೆ ಆಗದು, ಬೀಡಿ ಆಗದು, ಚಪ್ಪಲಿ ಆಗದು, ಹೊರಗಿನವರ ಕಣ್ಣು ಆಗದು. ಹೊರಗಾದ ಹೆಂಗಸಿನ ನೆರಳು ಬಿದ್ದರೆ ಹುಳುವೆಲ್ಲ ಹಳದಿಯಾಗಿ ಸೋರಿ ಸಾಯುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಅವರಿಗೆ ಅವರ ಅತ್ತೆ ಹೇಳಿದ್ದು. ಹಾಗೆ ಸತ್ತದ್ದನ್ನು ಕಣ್ಣಾರೆ ಕಂಡವರು ಯಾವಾಗಲೂ ಪಕ್ಕದೂರಿನವರು.

ನಾನು ದೇವರನ್ನು ನಂಬಿದವಳು, ಈಗಲೂ ನಂಬುತ್ತೇನೆ. ಹೊರಗೆ ಕೂರುವುದು ಅವನ ಕಟ್ಟಳೆ ಎಂದುಕೊಂಡೇ ಕೂತೆ. ಅದರಲ್ಲಿ ಅವನದೊಂದು ದಯೆಯನ್ನೂ ಕಂಡುಕೊಂಡಿದ್ದೆ. ಉಳಿದ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಸೊಪ್ಪು ಕೊಯ್ಯಬೇಕು, ತಂದು ಹೆಚ್ಚಬೇಕು, ತಟ್ಟೆ ತಟ್ಟೆಗೂ ಹಾಕಬೇಕು, ಹಿಕ್ಕೆ ತೆಗೆಯಬೇಕು, ಆಳುಗಳಿಗೆ ಮುದ್ದೆ ತೊಳಸಬೇಕು. ಬೆನ್ನು ನೆಲ ಕಾಣುತ್ತಿರಲಿಲ್ಲ. ಈ ಮೂರು ದಿನ ಮಾತ್ರ ಯಾರೂ ನನ್ನನ್ನು ಕೂಗುವ ಹಾಗಿಲ್ಲ. ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಅತ್ತೆ ಕೆಟ್ಟವರೇನಲ್ಲ. ಬಿಸಿ ಮುದ್ದೆಗೆ ತುಪ್ಪ ಹಾಕಿ ದೂರದಿಂದ ತಟ್ಟೆ ಜರುಗಿಸುತ್ತಿದ್ದರು.

ಸುಮ್ಮನೆ ಕೂತವಳಿಗೆ ಮೂಲೆಯಲ್ಲಿ ಪೆಟ್ಟಿಗೆ ಕಂಡಿತು. ಯಾರಿಗೂ ಬೇಡವಾದದ್ದು, ಹಾಗಾಗಿ ನಾನು ಮುಟ್ಟಿದರೆ ಯಾರಿಗೂ ನಷ್ಟವಿಲ್ಲ. ನನ್ನ ಓದು ಏಳನೇ ಕ್ಲಾಸು. ಇಂಗ್ಲಿಷು ತಿಳಿಯದಿದ್ದರೂ ಚಿತ್ರಗಳ ಪಕ್ಕ ನಂಬರು ಇತ್ತು. ಹಲಗೆಯ ಮೇಲೂ ಅದೇ ನಂಬರು. ಮೊದಲು ಬೆನ್ನುಮೂಳೆ, ಅದಕ್ಕೆ ಪಕ್ಕೆಲುಬು, ಪಕ್ಕೆಲುಬಿನ ಮೇಲೆ ತೆಳುವಾದ ಪಟ್ಟಿ. ಪಟ್ಟಿಯನ್ನು ನೀರಲ್ಲಿ ನೆನೆಸಿ ಬಗ್ಗಿಸಬೇಕು ಎಂಬುದು ಚಿತ್ರ ನೋಡದೆಯೂ ಗೊತ್ತಿತ್ತು. ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬಿದಿರು ಬಗ್ಗಿಸುವುದನ್ನು ದಿನಾ ನೋಡುವವರಲ್ಲವೇ ನಾವು. ಒಲೆಯ ಹತ್ತಿರ ಹೋಗುವ ಹಾಗಿಲ್ಲದ್ದರಿಂದ ಚೊಂಬಿನ ನೀರನ್ನು ಬಿಸಿಲಿಗಿಟ್ಟು ಕಾಯಿಸಿಕೊಳ್ಳುತ್ತಿದ್ದೆ. ಅಂಟು ಹಚ್ಚಿ, ಉಸಿರು ಬಿಗಿಹಿಡಿದು, ಒಣಗುವವರೆಗೂ ಒತ್ತಿಕೊಂಡು ಕೂರುತ್ತಿದ್ದೆ. ಆ ಹೊತ್ತಿನಷ್ಟು ನೆಮ್ಮದಿಯನ್ನು ನಾನು ತೀರ್ಥಯಾತ್ರೆಯಲ್ಲೂ ಕಂಡಿಲ್ಲ, ದೇವರು ಕ್ಷಮಿಸಲಿ.

ನಾಲ್ಕನೇ ದಿನ ತಲೆಗೆ ನೀರು ಹುಯ್ದುಕೊಂಡು ಒಳಗೆ ಹೋದರೆ ಹಡಗು ಬುಟ್ಟಿಯ ಅಡಿ ಸೇರುತ್ತಿತ್ತು. ಮತ್ತೆ ಮುಂದಿನ ತಿಂಗಳು. ಹೀಗೆ ತಿಂಗಳಿಗೆ ನಾಲ್ಕು ಪಟ್ಟಿ, ಆರು ಪಟ್ಟಿ. ಮಗ ಹೊಟ್ಟೆಯಲ್ಲಿದ್ದಾಗ ಹಡಗು ಇದ್ದಲ್ಲೇ ನಿಂತಿತು. ಬಾಣಂತನ ಮುಗಿದು ಮತ್ತೆ ಮೊದಲ ಸಲ ಹೊರಗಾದಾಗ ನನಗಾದ ಖುಷಿ ನೋಡಿ ಅತ್ತೆಗೆ ಅನುಮಾನ. "ಹೊರ್ಗಾದ್ರೆ ಇವ್ಳಿಗೆ ಹಬ್ಬ ಬಂದಂಗ್ ಆಯ್ತದೆ" ಎಂದರು.

ದಾರದ ಉಂಡೆಯನ್ನು ಇಲಿ ಕಡಿದುಹಾಕಿತ್ತು. ಆ ಹೊತ್ತಿಗೆ ಹಡಗಿಗೆ ಒಡಲು ಬಂದಿತ್ತು, ಎರಡು ಕಂಬವೂ ನಿಂತಿದ್ದವು. ಒಂದು ಸಂಜೆ ನಮ್ಮನೆಯವರು ಎತ್ತು ಕಟ್ಟಲು ಬಂದವರು ನೋಡಿಬಿಟ್ಟರು. ಬಹಳ ಹೊತ್ತು ನಿಂತಿದ್ದರು. "ನೀನಾ ಮಾಡಿದ್ದು?" ಎಂದರು. ಮಾರನೇ ವಾರ ರಾಮನಗರದಿಂದ ಬರುವಾಗ ನೂಲು ತೆಗೆಯುವವರ ಮನೆಯಿಂದ ಒಂದು ಹಿಡಿ ರೇಷ್ಮೆ ನೂಲನ್ನೂ ಹೊಸ ಅಂಟನ್ನೂ ತಂದು ಜಗುಲಿಯ ಅಂಚಿಗೆ ಇಟ್ಟರು. "ಯಾರ್ಗೂ ಹೇಳ್ಬ್ಯಾಡ. ಮುಗ್ದ್ ಮ್ಯಾಲೆ ಷೋಕೇಸ್ನಾಗ್ ಇಡಾನ. ಸೌದೆ ತಂದ ಅಂದೋರೆಲ್ಲ ಬಂದು ನೋಡ್ಲಿ."

ಅವರ ಮರ್ಯಾದೆಗೆ ಮಾತ್ರವಲ್ಲ, ನನಗೂ ಅದು ಬೇಕಾಗಿತ್ತು. ನಡುಮನೆಗೆ ಬಂದವರೆಲ್ಲ ನಿಂತು ನೋಡುವಂಥ ಒಂದು ವಸ್ತು, ನನ್ನ ಕೈಯಿಂದ ಆದದ್ದು. ಗೂಡಿಗೆ ನನ್ನ ಹೆಸರಿರಲಿಲ್ಲ, ಮಾರ್ಕೆಟ್ಟಿನಲ್ಲಿ ನನ್ನ ಮುಖವಿರಲಿಲ್ಲ. ಅತ್ತೆಯ ಒಪ್ಪಿಗೆಯಿಲ್ಲದೆ ಅದು ಷೋಕೇಸು ಸೇರುವ ಹಾಗಿರಲಿಲ್ಲ, ಅವರೊಬ್ಬರನ್ನು ಕೇಳಿದ್ದಕ್ಕೆ "ಹೊರ್ಗಿದ್ದಾಗ ಮುಟ್ಟಿದ್ದು ಒಳೀಕೆ ಹೆಂಗವ್ವ ಬತ್ತದೆ? ಮೊದ್ಲು ಮುಗೀಲಿ, ಆಮ್ಯಾಲ್ ನೋಡಾನ" ಎಂದರು. ಆ ಬಾವುಟದ ಬುರುಡೆ ಅವರಿಗೆ ಅಪಶಕುನ. ಅದರ ಹಣೆಗೆ ಒಂದು ಕುಂಕುಮವಿಟ್ಟು ಸಾಧು ಮಾಡಬೇಕೆಂದಿದ್ದೆ. ಹೊರಗಾದವಳು ಕುಂಕುಮದ ಬಟ್ಟಲು ಮುಟ್ಟುವುದೆಲ್ಲಿ ಬಂತು? ಬುರುಡೆ ಹಾಗೇ ಹಲ್ಲು ಕಿರಿದುಕೊಂಡು ಉಳಿಯಿತು.

ಎರಡು ಕಂಬಕ್ಕೂ ರೇಷ್ಮೆಯ ಹಗ್ಗ ಬಿಗಿದೆ. ಸೂಜಿಯ ಮೊನೆಯಲ್ಲಿ ಗಂಟು ಹಾಕಿದೆ. ಇನ್ನುಳಿದದ್ದು ಮೂರನೇ ಕಂಬ, ಅದರ ಹಾಯಿ. ಇನ್ನೊಂದೋ ಎರಡೋ ತಿಂಗಳ ಕೆಲಸ.

ಆ ಸಲ ಊರಿಗೆ ಊರೇ ಒಟ್ಟಿಗೆ ಹುಳು ಸಾಕಿತ್ತು. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ತಿನ್ನುವ ಸದ್ದು ಹಿತ್ತಿಲ ಜಗುಲಿಗೂ ಕೇಳುತ್ತಿತ್ತು. ಆಳು ಸಿಗದೆ ಅತ್ತೆ ಒದ್ದಾಡುತ್ತಿದ್ದಾಗ ರೇಷ್ಮೆ ಇಲಾಖೆಯವರೊಬ್ಬರು ಹುಳು ನೋಡಲು ಬಂದರು. ನಾನು ಮೂರನೇ ಕಂಬವನ್ನು ಅದರ ಕುಳಿಗೆ ಇಳಿಸಿ, ಅಂಟು ಹಚ್ಚಿ, ನೆಟ್ಟಗೆ ಹಿಡಿದು ಕೂತಿದ್ದೆ.

"ನಮ್ ಸೊಸೆ ಹೊರ್ಗೌಳೆ ಸಾಮಿ, ಸೊಪ್ಪಾಕೋರೇ ಇಲ್ಲ" ಎಂದು ಅತ್ತೆ ಗೋಳು ಹೇಳಿಕೊಂಡರು.

ಆತ ನಕ್ಕರು. "ಅದೆಲ್ಲ ಹುಳಕ್ಕೆ ಗೊತ್ತಾಗಲ್ಲ ಅಮ್ಮ. ಬ್ಲೀಚಿಂಗ್ ನೀರಲ್ಲಿ ಕೈ ತೊಳ್ಕೊಂಡು ಬರ್ಲಿ, ಸಾಕು."

ಅತ್ತೆ ಅವರ ಮುಖ ನೋಡಿದರು. ಬಾಗಿಲಲ್ಲಿ ಬಾಡುತ್ತಿದ್ದ ಸೊಪ್ಪಿನ ರಾಶಿ ನೋಡಿದರು. ತಮ್ಮ ಅತ್ತೆಯ ಕಾಲದಿಂದ ಬಂದ ಕಟ್ಟಳೆ ಮುರಿಯಲು ಎಲೆಯಡಿಕೆ ಉಗಿದು ಬರುವಷ್ಟು ಹೊತ್ತು ಹಿಡಿಯಿತು. ಹಿತ್ತಿಲಿಗೆ ಬಂದು ಹೇಳಿದರು. "ಏಳವ್ವ, ನೀರು ಹುಯ್ಕೊಂಡು ಬಾ. ಸೊಪ್ಪು ಬಾಡ್ತಾ ಐತೆ."

"ಒಸಿ ತಡೀರಿ ಅತ್ತೆ, ಅಂಟು ಒಣಗ್ಲಿ."

"ಅಂಟು ಒಣ್ಗೋ ಹೊತ್ಗೆ ಹುಳ ಹಸ್ಕೊಂಡ್ ಸಾಯ್ತವೆ. ಏಳು."

ಕೈ ಬಿಟ್ಟೆ. ಕಂಬ ಮೆಲ್ಲಗೆ ವಾಲಿ ಮಲಗಿತು.

ಹುಳು ಮನೆಯ ಹೊಸಿಲು ದಾಟುವಾಗ ದೇವರ ಹೆಸರು ಹೇಳಿಕೊಂಡೆ. ಸಂಜೆಯವರೆಗೂ ಸೊಪ್ಪು ಹಾಕಿದೆ. ಒಂದು ಹುಳುವೂ ಹಳದಿಯಾಗಲಿಲ್ಲ. ದೀಪ ಹಚ್ಚುವ ಹೊತ್ತಾದಾಗ, ಸರಿ ಇನ್ನು ಇದೂ ಆಯಿತಲ್ಲ ಎಂದುಕೊಂಡು, ಅತ್ತೆಯನ್ನು ಆಸೆಯಿಂದಲೇ ಕೇಳಿದೆ. "ಹಂಗಾದ್ರೆ ದೇವ್ರಿಗೆ ದೀಪ ಹಚ್ಲಾ ಅತ್ತೆ?"

ನಾನು ಏನೋ ಹೊಲಸು ಮಾತಾಡಿದೆನೇನೋ ಎಂಬಂತೆ ನೋಡಿದರು. "ದೇವ್ರ ಇಷ್ಯ ಬ್ಯಾರೆ ಕಣವ್ವ."

ಹುಳು ಮನೆಗೆ ಆದವಳು ದೇವರ ಮನೆಗೆ ಆಗಲಿಲ್ಲ. ಅವತ್ತು ಹಿತ್ತಿಲಲ್ಲಿ ನಿಂತು, ಬಾಗಿಲ ಸಂದಿಯಿಂದ ಕಾಣುತ್ತಿದ್ದ ದೀಪಕ್ಕೆ ಕೈ ಮುಗಿದೆ. ಬಾಯಲ್ಲಿ ಹೆಸರು ಬರಲಿಲ್ಲ. ಕಟ್ಟಳೆ ಅವನದಾಗಿದ್ದರೆ ಎರಡು ಕಡೆಯೂ ಇರಬೇಕಿತ್ತು, ಇಲ್ಲವೇ ಎರಡು ಕಡೆಯೂ ಹೋಗಬೇಕಿತ್ತು. ಯಾವ ಕಟ್ಟಿನಿಂದ ಕೆಲಸ ಕೆಡುತ್ತದೋ ಅದನ್ನು ಬಿಟ್ಟು, ಯಾವುದರಿಂದ ಕೆಲಸ ಕೆಡುವುದಿಲ್ಲವೋ ಅದನ್ನು ಇಟ್ಟುಕೊಂಡವರು ಮನುಷ್ಯರು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು.

ಆ ಬೆಳೆ ಚೆನ್ನಾಗಿ ಆಯಿತು. ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂದು, ಮಾರ್ಕೆಟ್ಟಿನಲ್ಲಿ ಜನ ಮುಗಿಬಿದ್ದು ಕೊಂಡರಂತೆ. ಅದರ ದುಡ್ಡಿನಲ್ಲಿ ಟಿವಿ ಬಂತು. ಷೋಕೇಸಿನ ನಡುವಿನ ಖಾನೆಗೆ ಅಳತೆ ತೆಗೆದು ತಂದ ಹಾಗೆ ಕೂತಿತು. ಇವರು ನನ್ನ ಮುಖ ನೋಡಲಿಲ್ಲ. ಊರಿನವರೆಲ್ಲ ಟಿವಿ ನೋಡಲು ಬಂದು ಹಡಗಿನ ತಮಾಷೆಯನ್ನು ಮರೆತಿದ್ದರು. ಇವರ ಮಟ್ಟಿಗೆ ಹಡಗಿನ ಕೆಲಸ ಅಲ್ಲಿಗೆ ಮುಗಿದಿತ್ತು.

ಆಮೇಲೆ ಹೊರಗೆ ಕೂರುವುದೇ ನಿಂತುಹೋಯಿತು. ನಮ್ಮ ಮನೆ ನೋಡಿ ಊರಿನವರೂ ಬಿಟ್ಟರು. ಕಾಲ ಸುಧಾರಿಸಿತು ಎಂದು ಎಲ್ಲರೂ ಹೊಗಳಿದರು. ಸುಧಾರಿಸಿದ ಕಾಲದಲ್ಲಿ ನನಗೆ ತಿಂಗಳ ಮೂವತ್ತು ದಿನವೂ ಸೊಪ್ಪು. ಹೊಟ್ಟೆ ಹಿಂಡುವ ದಿನಗಳಲ್ಲೂ ತಟ್ಟೆ ಎತ್ತಿದೆ. ಆ ದಿನಗಳಲ್ಲಿ ಅಡುಗೆ ಮನೆಗೂ ದೇವರ ಮನೆಗೂ ಮೊದಲಿನ ಹಾಗೇ ನಿಷೇಧ. ಹಡಗನ್ನು ಅತ್ತೆಯೇ ಎತ್ತಿ ಹುಳು ಮನೆಯ ಅಟ್ಟಕ್ಕೆ ಹಾಕಿದರು. ಅಲ್ಲಿಗೆ ನಾನೂ ಆಗುತ್ತಿದ್ದೆ, ಅದೂ ಆಯಿತು.

ಒಂದು ಸಲ ಚಂದ್ರಿಕೆ ಸಾಲದೆ, ಗೂಡು ಕಟ್ಟುವ ಹದಕ್ಕೆ ಹಣ್ಣಾದ ಹುಳುಗಳು ಗೋಡೆ ಹತ್ತಿದ್ದವು. ಅದರಲ್ಲಿ ಒಂದು ಹಡಗಿನ ಎರಡು ಕಂಬಗಳ ನಡುವೆ, ನಾನು ಬಿಗಿದ ಹಗ್ಗಕ್ಕೆ ಅಂಟಿಕೊಂಡು ಗೂಡು ಕಟ್ಟಿತ್ತು. ಅಷ್ಟು ಚಂದದ ಗೂಡನ್ನು ನಾನು ಬೇರೆ ಕಂಡಿಲ್ಲ. ಇರಲಿ ಎಂದುಕೊಂಡೆ. ಮಾರನೇ ದಿನ ಅತ್ತೆ ಕಿತ್ತು ಬುಟ್ಟಿಗೆ ಹಾಕಿದರು. ಜೊತೆಗೆ ನಾನು ಬಿಗಿದ ಹಗ್ಗಗಳಲ್ಲಿ ಎರಡು ಹರಿದು ಬಂದವು.

ಈಗ ನಮ್ಮಲ್ಲಿ ಹುಳುವಿಲ್ಲ. ನನಗೂ ಆ ದಿನಗಳು ಮುಗಿದು ಬಹಳ ಕಾಲವಾಯಿತು. ದಿನಾ ಎರಡು ಹೊತ್ತೂ ದೀಪ ಹಚ್ಚುವವಳು ನಾನೇ, ಯಾರೂ ಬೇಡ ಎನ್ನುವುದಿಲ್ಲ. ಅದೊಂದು ದೇವರು ಉಳಿಸಿಕೊಟ್ಟದ್ದು. ಮೊಣಕಾಲು ಇನ್ನೂ ಮಡಿಸಲು ಬರುತ್ತದೆ, ಅದೂ ಅವನದೇ ದಯೆ.

ಆಚಾರಿ ಬಾಗಿಲು ಬಿಟ್ಟು ಏಳುವಷ್ಟರಲ್ಲಿ ನಾನು ಅಟ್ಟದಿಂದ ಹಡಗನ್ನು ಇಳಿಸಿ ತಂದಿದ್ದೆ. ಧೂಳು ಒರೆಸಿದೆ. ಆತ ತಿರುಗಿಸಿ ನೋಡಿದ. "ಕೊಡ್ರವ್ವ, ಈ ಕಂಬ ಒಂದ್ಗಳಿಗೆ ಕೆಲ್ಸ, ಅಂಟು ಐತೆ" ಎಂದ.

"ಬ್ಯಾಡ ಕಣಪ್ಪ" ಎಂದೆ. ಮುಗಿಸಿದರೆ ಅದು ಮುಗಿದ ಹಡಗಾಗುತ್ತದೆ. ಅರ್ಧ ಕೆಲಸದಿಂದ ನನ್ನನ್ನು ಯಾರು ಯಾವಾಗ ಏಳಿಸಿದರು ಎಂಬುದಕ್ಕೆ ಗುರುತು ಉಳಿಯುವುದಿಲ್ಲ.

ಅತ್ತೆ ಬಾಗಿಲ ಪಕ್ಕ ಕೂತಿದ್ದರು. ಅವರಿಗೆ ಈಗ ಕಣ್ಣು ಮಂಜು. "ಅದೇನವ್ವ ಕೈಲಿ?" ಎಂದರು.

"ಹಡಗು ಕಣತ್ತೆ. ಹೊರಗಿದ್ದಾಗ ಮಾಡಿದ್ದು. ದೇವ್ರ ಮನೇಲಿ ಇಡ್ತೀನಿ."

ಕೈ ಚಾಚಿದರು. ಬೆರಳು ಹಗ್ಗದ ಮೇಲೆ ಓಡಿತು. ಕಣ್ಣು ಹೋದರೂ ಆ ಬೆರಳಿಗೆ ಎಲ್ಲ ಗೊತ್ತು. "ರೇಷ್ಮೆ ಅಲ್ವಾ? ರೇಷ್ಮೆಗೆ ಎಲ್ಲೈತವ್ವ ಮೈಲ್ಗೆ? ಇಡು, ಇಡು" ಎಂದರು.

ಹಾಗಾದರೆ ಆ ಮಾತೂ ಅವರ ಹತ್ತಿರ ಇತ್ತು. ಅಷ್ಟು ವರ್ಷವೂ ಇತ್ತು. ನಾನು ಅಷ್ಟೆಲ್ಲ ರೇಷ್ಮೆಯ ಮಧ್ಯೆ ಕೂತು ಆ ಒಂದು ಮಾತಿಗೆ ಕಾಯುತ್ತಿದ್ದಾಗಲೂ ಇತ್ತು. ತೊಂಬತ್ತರ ಹತ್ತಿರದ ಮುದುಕಿಗೆ ಏನು ಹೇಳುವುದು?

ಹಡಗನ್ನು ದೀಪದಿಂದ ದೂರ, ದೇವರ ಪಟದ ಎದುರಿಗೆ ಇಟ್ಟೆ. ಬುರುಡೆಯ ಹಣೆಗೆ ಕುಂಕುಮವಿಟ್ಟೆ. ವಾಲಿದ ಕಂಬವನ್ನು ವಾಲಿದ ಹಾಗೇ ಬಿಟ್ಟೆ. ಆಮೇಲೆ ಬತ್ತಿ ಹಚ್ಚಿ ದೇವರ ಮುಖ ನೋಡಿದೆ. ಅವನು ಏನೂ ಅನ್ನಲಿಲ್ಲ. ಅವತ್ತೂ ಅಂದಿರಲಿಲ್ಲ.