ಕೂಡಿಕೆಯಾಗದ ಗೆಲಾಕ್ಸಿ

"ನಡು ಉಬ್ಬಿಲ್ಲದ ಗೆಲಾಕ್ಸಿಯಲ್ಲಿ ದೊಡ್ಡ ಕಪ್ಪುಕುಳಿ ಬೆಳೆಯೋದೇ ಇಲ್ಲ. ಬೇರೆ ವಿಷಯ ತಗೊಳ್ಳಿ" ಎಂದು ಮೈಸೂರಿನ ನನ್ನ ಗೈಡ್ ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ಎರಡು ಸಾವಿರದ ದಶಕದ ನಡುವಿನ ಮಾತು. ಹೊಳೆನರಸೀಪುರದಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ, ರಜೆಯನ್ನೆಲ್ಲ ಪಿಎಚ್.ಡಿ.ಗೆ ಸುರಿಯುತ್ತಿದ್ದೆ. ದೋಸೆಯಂತೆ ಚಪ್ಪಟೆಯಾದ ಅಂಥ ಒಂದೆರಡು ಗೆಲಾಕ್ಸಿಗಳ ನಡುವೆ ಕಪ್ಪುಕುಳಿಯ, ಅಂದರೆ ಬ್ಲ್ಯಾಕ್ ಹೋಲ್‌ನ, ಸುಳಿವು ಆಗಲೇ ಸಿಕ್ಕಿತ್ತು. ಅವೆಲ್ಲ ಅಪವಾದ ಎಂದು ಗೈಡ್ ತಳ್ಳಿಹಾಕಿದರು. ಅಷ್ಟಕ್ಕೇ ಬಿಡುವ ಪೈಕಿ ನಾನಲ್ಲ. ಯೋಚಿಸಿ ಬರುತ್ತೇನೆ ಎಂದು ಎದ್ದು ಬಂದೆ.

ಆ ಭಾನುವಾರ ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಊರಿನವರಿಗಾಗಿ ನನ್ನ ಭಾಷಣವಿತ್ತು. ಗೆಲಾಕ್ಸಿಗಳು ಡಿಕ್ಕಿ ಹೊಡೆದು ಒಂದಾಗುವುದಕ್ಕೆ ಕನ್ನಡದ ಪದ ಬೇಕಿತ್ತು. ಕೂಡುವುದರಿಂದ 'ಕೂಡಿಕೆ' ಎಂದು ನಾನೇ ಕಟ್ಟಿಕೊಂಡು ಹೋಗಿದ್ದೆ. "ಎರಡು ಗೆಲಾಕ್ಸಿ ಕೂಡಿಕೆಯಾದಾಗ ಅನಿಲವೆಲ್ಲ ನಡುವಿಗೆ ನುಗ್ಗುತ್ತೆ. ಕಪ್ಪುಕುಳಿ ಹೊಟ್ಟೆ ತುಂಬ ತಿನ್ನುತ್ತೆ. ನಕ್ಷತ್ರಗಳು ಗುಂಪುಗೂಡಿ ನಡು ಉಬ್ಬುತ್ತೆ" ಎಂದೆ.

ಹಾಲ್‌ನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ಕಕ್ಕಾಬಿಕ್ಕಿ. ಹೆಡ್‌ಮಾಸ್ಟರು ಬಗ್ಗಿ, "ಮೇಡಂ, ನಮ್ ಕಡೆ ಕೂಡಿಕೆ ಅಂದ್ರೆ ಗಂಡ ಸತ್ತೋಳು ಇನ್ನೊಬ್ಬನ್ನ ಕಟ್ಕಳದು" ಎಂದರು. ದೇವಸ್ಥಾನದ ಬೀದಿಯಲ್ಲಿ ಬೆಳೆದ ನನ್ನ ಕಿವಿಗೆ ಆ ಪದ ಬಿದ್ದೇ ಇರಲಿಲ್ಲ. ನಾಚಿಕೆಯಿಂದ ಸತ್ತೇಹೋದೆ.

ಮುಂದಿನ ಸಾಲಿನಲ್ಲಿ ರಾಮನಾಥಪುರದ ಕಡೆಯ ಹೆಂಗಸೊಬ್ಬರು ಎದ್ದು ನಿಂತರು. "ಏ, ಸುಮ್ಕಿರ್ರಲಾ! ನೀನೇಳವ್ವ. ಕೂಡಿಕೆ ಆಗ್ದಿದ್ರೆ ಅದು ಬೆಳೆಯಾಕಿಲ್ವಾ? ನಾನು ಆಗ್ಲಿಲ್ಲ ಕಣವ್ವ. ಒಬ್ಳೇ ಹೊಗೆಸೊಪ್ಪು ಬೆಳ್ದು ಮಕ್ಳ ಸಾಕಿವ್ನಿ."

ನಗು ನಿಂತಿತು. ನಾನು ಆಕೆಯತ್ತ ತಿರುಗಿದೆ.

"ಬೆಳೆಯುತ್ತಮ್ಮ" ಎಂದೆ. "ಯಾವುದೂ ಬಂದು ಡಿಕ್ಕಿ ಹೊಡೆಯದಿದ್ದರೆ ನಡು ಉಬ್ಬಲ್ಲ. ಆದ್ರೆ ಗೆಲಾಕ್ಸಿಯ ಸುರುಳಿ ತೋಳುಗಳು, ನಡುವೆ ಅಡ್ಡಕ್ಕಿರೋ ನಕ್ಷತ್ರಗಳ ಪಟ್ಟಿ, ಇವೇ ತಮ್ಮಲ್ಲಿರೋ ಅನಿಲವನ್ನ ಚೂರುಚೂರೇ ಒಳಕ್ಕೆ ತಳ್ತಾವೆ. ಬಹಳ ನಿಧಾನ. ಕೋಟ್ಯಂತರ ವರ್ಷ. ಹಾಗೂ ದೊಡ್ಡದಾಗಬಹುದು ಅಂತ ನನ್ನ ನಂಬಿಕೆ. ಅದನ್ನೇ ಹುಡುಕ್ತಿದೀನಿ."

"ಅಂಗನ್ನು ಮತ್ತೆ! ಉಡುಕು" ಎಂದು ಆಕೆ ಕೂತರು.

ಮುಂದಿನ ವಾರ ಗೈಡ್ ಎದುರು ನಿಂತು, ವಿಷಯ ಬದಲಾಯಿಸುವುದಿಲ್ಲ ಎಂದೆ.

"ಏನೂ ಸಿಗದೇ ಹೋದ್ರೆ?"

"ಸಿಗಲಿಲ್ಲ ಅಂತಾನೇ ಬರೀತೀನಿ ಸರ್. ನೋಡದೆ ಮಾತ್ರ ಬಿಡಲ್ಲ."

"ಹಾಗಾದ್ರೆ ಬೇರೆ ಗೈಡ್ ನೋಡ್ಕೊಳ್ಳಿ."

ಹೆದರಿ ಬಗ್ಗುತ್ತೇನೆ ಎಂದುಕೊಂಡಿರಬೇಕು. ವರ್ಷಗಳ ದುಡಿಮೆ ನೀರುಪಾಲಾಗುವುದು ಕಣ್ಣೆದುರೇ ಕಾಣುತ್ತಿತ್ತು. "ಆಯ್ತು ಸರ್" ಎಂದು ಹೊರಬಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಯಾರು ನೋಡಿದರೆ ನೋಡಲಿ ಎಂದು ಗಟ್ಟಿಯಾಗಿಯೇ ಅತ್ತೆ. ಮುಖ ತೊಳೆದುಕೊಂಡು, ಹೊಳೆನರಸೀಪುರದ ಮೇಲೆ ಹೋಗುವ ಹಾಸನದ ಬಸ್ಸು ಹತ್ತಿದೆ.

ಮರುದಿನ ಮೊದಲ ಕ್ಲಾಸು ಮುಗಿಸಿ, ಪರಿಚಯವೇ ಇಲ್ಲದ ಇನ್ನೊಬ್ಬ ಪ್ರೊಫೆಸರರಿಗೆ ಫೋನ್ ಮಾಡಿದೆ.

"ನನಗೆ ಗೈಡ್ ಇಲ್ಲ ಸರ್" ಎಂದೆ. "ವಿಷಯ ಇದೆ."