ಗೂಳಪ್ಪನ ಎರಡು ಕಣ್ಣಿನ ಡಬ್ಬಿ

ಕುಬಿಹಾಳದ ಹಿಟ್ಟಿನ ಗಿರಣಿ ಗೂಳಪ್ಪನಿಗೆ ಅರವತ್ತರ ಹೊಸ್ತಿಲಲ್ಲಿ ಹುಚ್ಚು ಹಿಡಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚು ಮೊದಲಿನಿಂದಲೂ ಇತ್ತು. ಅದಕ್ಕೆ ತಕ್ಕ ಸಾಮಾನು ಸಿಕ್ಕಿದ್ದು ಮಾತ್ರ ಈಗ.

ಸಾಮಾನು ಎಂದರೆ ಒಂದು ಹಳೆಯ ರೀಲಿನ ಕ್ಯಾಮೆರಾ. ಕಪ್ಪು ಚರ್ಮ ಹೊದಿಸಿದ ಡಬ್ಬಿ, ಮುಂಭಾಗದಲ್ಲಿ ಒಂದರ ಕೆಳಗೊಂದು ಎರಡು ಗಾಜಿನ ಕಣ್ಣು. ಅವನ ಗೆಳೆಯ ಸಾಧಿಕ್ ಒಂದು ಕಾಲಕ್ಕೆ ಕುಂದಗೋಳದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ, ಈಗ ಅದೇ ಅಂಗಡಿಯಲ್ಲಿ ಮೊಬೈಲಿನ ಕವರು ಮಾರುತ್ತಾನೆ. ಅಲ್ಲಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡಬ್ಬಿಯನ್ನು ಗೂಳಪ್ಪ ಎತ್ತಿಕೊಂಡು, ನೆತ್ತಿಯ ಮುಚ್ಚಳ ತೆಗೆದು, ಬಗ್ಗಿ ನೋಡಿದ. ಒಳಗಿನ ಪುಟ್ಟ ಗಾಜಿನ ಮೇಲೆ ಎದುರಿನ ರಸ್ತೆ, ಬಸ್ಸು, ಬಾಳೆಹಣ್ಣಿನ ಗಾಡಿ ಎಲ್ಲ ಸಣ್ಣಗೆ ಓಡಾಡುತ್ತಿದ್ದವು.

"ಲೇ ಸಾಧಿಕ್, ಇದನ್ನ ಹಿಡದಾಂವ ತೆಳಗ ನೋಡ್ತಾನಲ್ಲೋ! ಎದುರಿಗಿದ್ದೋರಿಗೆ ಫೋಟೊ ತಗ್ಯಾಕತ್ತಾನಂತ ಗೊತ್ತಾಗೂದ ಇಲ್ಲ!"

"ಗೊತ್ತಾಗಲಿಲ್ಲಂದ್ರ ನಿನಗೇನ ಲಾಭ?"

ಗೂಳಪ್ಪ ಕಿವಿತನಕ ಬಾಯಿ ಅಗಲಿಸಿ ನಕ್ಕು, ಡಬ್ಬಿಯನ್ನು ಕೊರಳಿಗೆ ನೇತುಹಾಕಿಕೊಂಡು ಬಸ್ಸು ಹತ್ತಿದ.

ಲಾಭವೆಲ್ಲ ಅವನ ಹೆಂಡತಿ ಮಹಾನಂದಾಳ ನಗುವಿನಲ್ಲಿತ್ತು. ಮದುವೆಯ ಹಂದರದಲ್ಲಿ ಯಾವನೋ ಪುಣ್ಯಾತ್ಮ ಫೋಟೊ ತೆಗೆಯುವಾಗ, "ತಂಗೀ, ಹಲ್ಲು ಕಾಣಾಕತ್ತಾವು, ಬಾಯಿ ಮುಚ್ಚವಾ" ಅಂದಿದ್ದ. ಅವಳ ಮುಂದಿನ ಎರಡು ಹಲ್ಲು ಸ್ವಲ್ಪ ಉಬ್ಬು. ಹಂದರದ ಮಂದಿಯೆಲ್ಲ ಗೊಳ್ಳೆಂದಿತು. ಅವತ್ತು ಮುಚ್ಚಿದ ಬಾಯಿ ಕ್ಯಾಮೆರಾದ ಮುಂದೆ ಮತ್ತೆ ತೆರೆಯಲಿಲ್ಲ. ಮಗಳ ಮದುವೆಯ ಆಲ್ಬಮ್ಮಿನಲ್ಲೂ ಕಷಾಯ ಕುಡಿದವಳ ಹಾಗೆ ನಿಂತಿದ್ದಾಳೆ. ಮೊಬೈಲು ಎತ್ತಿದರೆ ಸಾಕು, ಸೆರಗು ಬಾಯಿಗೆ ಹೋಗುತ್ತದೆ. ಆದರೆ ನೆರೆಮನೆಯ ಹೆಂಗಸರ ನಡುವೆ ಕೂತು ನಗಲು ಹತ್ತಿದಳೋ, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಾಳೆ. ಆ ನಗು ಅಂದರೆ ಗೂಳಪ್ಪನಿಗೆ ಪ್ರಾಣ. ಒಂದೇ ಒಂದು ಸಲ ಅದು ಕಾಗದದ ಮೇಲೆ ಇಳಿಯಬೇಕು ಎಂಬುದು ಅವನ ಆಸೆ.

ರೀಲು ತೊಳೆದುಕೊಡುವವರು ಸುತ್ತಮುತ್ತ ಯಾರೂ ಉಳಿದಿರಲಿಲ್ಲ. ಮನೆಯಲ್ಲೇ ತೊಳೆಯುವ ದಾರಿಯನ್ನು ಸಾಧಿಕ್ ಹೇಳಿಕೊಟ್ಟ. ಕಾಫಿಪುಡಿ, ಬಟ್ಟೆ ತೊಳೆಯುವ ಸೋಡಾ, ಚೀಪುವ ವಿಟಮಿನ್ ಸಿ ಹುಳಿ ಗುಳಿಗೆ ಕಲಸಿದ ನೀರಿನಲ್ಲಿ ಚಿತ್ರ ಮೂಡುತ್ತದೆ. ಮೂಡಿದ್ದು ನಿಲ್ಲುವುದಕ್ಕೆ ಹೈಪೋ ಎಂಬ ಇನ್ನೊಂದು ಪುಡಿ ಬೇಕು, ಅದು ಅವನ ಕಪಾಟಿನಲ್ಲೇ ಇತ್ತು. ಮೂರು ಹೊತ್ತೂ ಚಹಾ, ಜ್ವರ ಬಂದಾಗಷ್ಟೇ ಕಾಫಿ ಕುಡಿಯುವ ಊರಿನಲ್ಲಿ ಗೂಳಪ್ಪ ಕಾಫಿಪುಡಿ ಕೇಳಿದ್ದೇ ತಡ, ಕಿರಾಣಿ ಅಂಗಡಿಯವನು "ಯಾರಿಗೆ ಆರಾಮಿಲ್ರಿ?" ಎಂದು ಗಾಬರಿಯಾದ.

ಮೊದಲ ರೀಲಿನಲ್ಲಿ ಎಮ್ಮೆ, ಹತ್ತಿ ಹೊಲ, ಎದುರುಮನೆಯ ನಾಯಿ ಎಲ್ಲ ಮೂಡಿದವು, ಮೈತುಂಬ ಚುಕ್ಕೆ ಹೊತ್ತುಕೊಂಡು. ಗಿರಣಿಯ ಜೋಳದ ಹಿಟ್ಟು ಡಬ್ಬಿಯ ಹೊಟ್ಟೆಯೊಳಗೂ ಹೊಕ್ಕಿತ್ತು. ಗೂಳಪ್ಪ ಮಾತ್ರ ಮೊಮ್ಮಗ ಹುಟ್ಟಿದವನ ಹಾಗೆ ಊರೆಲ್ಲ ತೋರಿಸಿಕೊಂಡು ಬಂದ.

ಆ ಬೇಸಿಗೆಯಲ್ಲಿ ಒಂದು ದಿನ ಅಂಗಳದ ತುಂಬ ಹೆಂಗಸರು ಕೂತು ಹಪ್ಪಳ ಲಟ್ಟಿಸುತ್ತಿದ್ದರು. ಗೂಳಪ್ಪ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಅವರ ನಡುವೆ ಸುಳಿದಾಡಿದ.

"ಏನ ಹುಡಕಾಕತ್ತೀರಿ ಅದರಾಗ?" ಎಂದಳು ಮಹಾನಂದಾ.

"ಸ್ಕ್ರೂ ಬಿದ್ದೈತಿ."

ಬಾಜು ಮನೆಯವಳು ಆ ಸ್ಕ್ರೂ ಡಬ್ಬಿಯದೋ ತಲೆಯದೋ ಎಂದು ಕೇಳಿದಳು. ಮಹಾನಂದಾ ಲಟ್ಟಣಿಗೆ ಬಿಟ್ಟು, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಡಬ್ಬಿ ಟಕ್ ಎಂದಿತು. ಗೂಳಪ್ಪ ಗಿರಣಿಯವರೆಗೂ ಓಡುತ್ತಲೇ ಹೋಗಿ, ಒಬ್ಬನೇ ಬಾಗಿಲು ಹಾಕಿಕೊಂಡು ಕುಣಿದ.

ಮರುದಿನ ತೊಳೆಯಲು ನಿಂತರೆ ಸೋಡಾ ಮುಗಿದಿತ್ತು. ಸಾಧಿಕನಿಗೆ ಫೋನು ಹಚ್ಚಿದ.

"ಹಪ್ಪಳದ ಹಿಟ್ಟಿಗೆ ಹಾಕೂ ಪಾಪಡಖಾರ ಐತೇನ ಮನ್ಯಾಗ? ಅದೂ ಸೋಡಾದ ಅಣ್ತಮ್ಮನ. ಹಾಕ್ ಬಿಡ."

ಗೂಳಪ್ಪ ಅಡುಗೆಮನೆಯಿಂದ ಪಾಪಡಖಾರದ ಡಬ್ಬಿಯನ್ನೇ ಎತ್ತಿಕೊಂಡು ಒಳಕೋಣೆ ಸೇರಿದ. ಆ ಕೋಣೆಗೆ ಕಿಟಕಿಯಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ ಅಷ್ಟೆ, ಅದರ ಮೇಲೆ ದೊಡ್ಡ ತಟ್ಟೆಯಂಥ ಪರಾತ ಬೋರಲು ಹಾಕಿ ಗೋಣಿಚೀಲ ಹೊದಿಸಿ ಬಂದಿದ್ದ. ಅಗಳಿ ಹಾಕಿ, ಕಗ್ಗತ್ತಲೆಯಲ್ಲಿ ರೀಲು ಬಿಚ್ಚಿ, ರೀಲು ತೊಳೆಯಲು ಸಾಧಿಕ್ ಕೊಟ್ಟಿದ್ದ ಮುಚ್ಚಳದ ಡಬ್ಬಿಯ ಸುರುಳಿಗೆ ತಡವಿ ತಡವಿ ಸುತ್ತತೊಡಗಿದ. ಬೆಳಕು ಸೋಕಿದರೆ ಎಲ್ಲ ಮುಗಿದಂತೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಏನ್ರೀ, ಪಾಪಡಖಾರದ ಡಬ್ಬಿ ನಿಮ್ಮ ಕಡೆ ಐತೇನು? ಹಿಟ್ಟ ನಾದೂದೈತಿ."

"ಐತಿ! ಆದ್ರ ಈಗ ಬಾಗಲಾ ತಗಿಯಂಗಿಲ್ಲ! ಏನಾದ್ರೂ ಬಾಗಲಾ ತಗೀಬ್ಯಾಡ!"

ಮಹಾನಂದಾ ಗಂಡನ ಮಾತು ಮೀರುವವಳಲ್ಲ. ಬಾಗಿಲನ್ನು ಮುಟ್ಟಲಿಲ್ಲ. ಮಾಳಿಗೆ ಹತ್ತಿದಳು, ಚೀಲ ಸರಿಸಿದಳು, ಪರಾತ ಎತ್ತಿದಳು, ಹಗ್ಗ ಕಟ್ಟಿದ ಸಣ್ಣ ಬಕೆಟ್ಟನ್ನು ಕೆಳಗೆ ಇಳಿಬಿಟ್ಟಳು.

"ಬಾಗಲಾ ತಗೀಬ್ಯಾಡ್ರಿ. ಇದರಾಗ ಇಡ್ರಿ, ಜಗ್ಗತೀನಿ."

ನಡುಹಗಲಿನ ಬಿಸಿಲು ನೆಟ್ಟಗೆ ಗೂಳಪ್ಪನ ತೊಡೆಯ ಮೇಲೆ ಬಿತ್ತು. ಅಲ್ಲಿ ರೀಲು ಹಾವಿನ ಪೊರೆಯ ಹಾಗೆ ಬಿಚ್ಚಿಕೊಂಡು ಬಿದ್ದಿತ್ತು. ಅವನು ಪಾಪಡಖಾರದ ಡಬ್ಬಿಯನ್ನು ಸುಮ್ಮನೆ ಬಕೆಟ್ಟಿನಲ್ಲಿಟ್ಟ. ಬಕೆಟ್ಟು ಮೇಲೆ ಹೋಯಿತು. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

ಮಹಾನಂದಾ ಕೆಳಗಿಳಿದು ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. "ಏನಾತ್ರಿ?"

"ನಿನ್ನಿ ನೀ ನಕ್ಕಿದ್ದು ಇದರಾಗಿತ್ತು. ಕದ್ದು ತಗದಿದ್ದೆ. ಹೋತು."

"ನನ್ನ ಹಲ್ಲೇನ್ರಿ?"

"ಹಲ್ಲಲ್ಲ. ನಗೂದು."

ಕದ್ದು ತೆಗೆದದ್ದಕ್ಕೆ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಇಷ್ಟ ವರ್ಷಾತು, ದಿನಾ ನೋಡ್ತೀರಿ. ಸಾಕಾಗಿಲ್ಲೇನು?"

"ಇಲ್ಲ" ಎಂದ ಗೂಳಪ್ಪ.

ಅವಳು ಹೋಗಿ ಹಿಟ್ಟು ನಾದಿದಳು. ಬಿಸಿಲು ಇಳಿದ ಮೇಲೆ ಕೈತೊಳೆದುಕೊಂಡು ಅಂಗಳದ ಕಟ್ಟೆಯ ಮೇಲೆ ಬಂದು ಕೂತಳು. "ಕದ್ದ್ಯಾಕ ತಗೀತೀರಿ? ತಗೀರಿ, ಕುಂತೀನಿ."

ಗೂಳಪ್ಪ ಒಳಗೆ ಓಡಿಹೋಗಿ ಹೊಸ ರೀಲು ಹಾಕಿಕೊಂಡು ಬಂದ. ಮಹಾನಂದಾ ಸೆರಗು ಎತ್ತಲಿಲ್ಲ. ಆದರೆ ಹಂದರದ ಆ ಮಾತು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ತುಟಿ ಅಲುಗಿತು, ಮತ್ತೆ ಬಿಗಿಯಿತು. ಗಾಜಿನೊಳಗೆ ಅವಳು ಒಂದು ಅಂಚಿಗೆ ಸರಿದಿದ್ದಳು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಅವಳನ್ನು ನಡುವೆ ತರಲು ಹೋಗಿ ಗೂಳಪ್ಪ ಆಚೆ ಸರಿದ, ಅವಳು ಇನ್ನಷ್ಟು ಅಂಚಿಗೆ ಹೋದಳು, ಅವನು ಇನ್ನಷ್ಟು ಸರಿದ, ಹಿಂದೆ ಹೆಜ್ಜೆಯಿಟ್ಟ, ಎಮ್ಮೆಗೆ ನೀರು ಕುಡಿಸುವ ಕಲ್ಲುದೋಣಿ ಮೊಣಕಾಲಿನ ಹಿಂದೆ ತಾಕಿತು. ಡಬ್ಬಿಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು, ಧಡಕ್ಕನೆ ನೀರೊಳಗೆ ಕೂತ. ನೀರು ಕುಡಿಯುತ್ತಿದ್ದ ಎಮ್ಮೆ ಅವನ ಭುಜವನ್ನೊಮ್ಮೆ ನೆಕ್ಕಿತು.

ಮಹಾನಂದಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ, ಕಂಬಕ್ಕೆ ಒರಗಿ, ಹಲ್ಲೆಲ್ಲ ಬಿಟ್ಟು ನಕ್ಕಳು. ಗೂಳಪ್ಪ ಏಳಲಿಲ್ಲ. ಸೊಂಟದವರೆಗೂ ನೀರಿನಲ್ಲಿ ಕೂತೇ ಡಬ್ಬಿಯನ್ನು ಎದೆಗೆ ಇಳಿಸಿಕೊಂಡು, ಬಗ್ಗಿ ನೋಡಿ, ಒತ್ತಿದ. ಅವಳಿಗೆ ಗೊತ್ತಾಯಿತು. ಗೊತ್ತಾದರೂ ಬಾಯಿ ಮುಚ್ಚಲಿಲ್ಲ, ಅವನತ್ತಲೇ ನೋಡಿ ನಕ್ಕಳು.

ಈ ಸಲ ರೀಲು ತೊಳೆಯುವಾಗ ಮಾಳಿಗೆಯ ಮೇಲೆ, ಬೆಳಕಿಂಡಿಯ ಪರಾತದ ಮೇಲೆ, ಮಹಾನಂದಾ ತಾನೇ ಕೂತು ಕಾವಲು ಕಾದಳು. ಒದ್ದೆ ರೀಲನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಚಿಮಟಿ ಹಾಕಿ ತೂಗಿಬಿಟ್ಟಾಗ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು. ರೀಲಿನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು.

"ಯವ್ವಾ! ನನ್ನ ಕೂದಲಾ ಮತ್ತ ಕರ್ರಗಾಗ್ಯಾವಲ್ರಿ!"

"ಹಲ್ಲೂ ಕರ್ರಗಾಗ್ಯಾವ."

"ಆಗ್ಲಿ ಬಿಡ್ರಿ. ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕೀನಂತ ತಿಳಕೋರಿ" ಎಂದು ಮತ್ತೆ ನಗಲು ಹತ್ತಿದಳು.

ಸಾಧಿಕ್ ತನ್ನ ಹಳೆಯ ಯಂತ್ರದ ಧೂಳು ಕೊಡವಿ ಆ ನಗುವಿನ ಫೋಟೊವನ್ನು ದೊಡ್ಡದಾಗಿ ಅಚ್ಚು ಮಾಡಿ, ಕಟ್ಟು ಹಾಕಿಸಿ ತಂದುಕೊಟ್ಟ. ಜೋಳದ ಹಿಟ್ಟಿನ ಚುಕ್ಕೆ ನಾಲ್ಕಾರು ಇದ್ದವು, ಇರಲಿ. ಗೂಳಪ್ಪ ಅದನ್ನು ದೇವರಮನೆಯ ಗೋಡೆಗೊಮ್ಮೆ, ಮಲಗುವ ಕೋಣೆಯ ಗೋಡೆಗೊಮ್ಮೆ ಹಿಡಿದು ನೋಡಿದ. ಅವಳು ನಾಚುತ್ತಾಳೆಂದು ಒಳಗೆಲ್ಲಾದರೂ ಹಾಕುವ ವಿಚಾರ ಅವನದು.

"ಎಲ್ಲಿ ಹಾಕೂಣು?"

"ಗಿರಣ್ಯಾಗ ಹಾಕ್ರಿ" ಎಂದಳು ಮಹಾನಂದಾ. "ಊರ ಮಂದಿಯೆಲ್ಲಾ ಅಲ್ಲೇ ಬರತೈತಿ."

ಮೊಳೆ, ಸುತ್ತಿಗೆ ಹಿಡಿದುಕೊಂಡು ಮುಂದೆ ಹೊರಟವಳೂ ಅವಳೇ.